ಕರಿ ಹಾಳೆಯ ಮೇಲೆ ಕಸೂತಿ ಬೆಳಕು: ಚೌಕದ ದೀಪ ಕಟ್ಟುತ್ತಿದ್ದೇನೆ, ಬಲ್ಬ್ ಕಾಣದ ಹಾಗೆ ಮಾಡೋದು ಹೇಗೆ?

ಎಳೆ_ಎಣಿಸುವವಳು (ಧಾರವಾಡ)

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ನಮ್ಮ ಅಜ್ಜಿಗೆ ಒಂದು ದೀಪ ಮಾಡಿ ಕೊಡಬೇಕು ಅಂತ ಕೂತಿದ್ದೇನೆ. ಬಾಗಿಲಿಗೆ ತೂಗುಹಾಕುವ ಆಕಾಶಬುಟ್ಟಿ ಅಲ್ಲ. ಹಾಸಿಗೆ ಪಕ್ಕದ ಮೇಜಿನ ಮೇಲೆ ಇಡುವಂಥ ಚೌಕದ ಪೆಟ್ಟಿಗೆ. ಆರೂ ಮುಖ ಒಂದೇ ಅಳತೆ, 15 ಸೆಂಟಿಮೀಟರ್.

ಅಜ್ಜಿಯ ಹತ್ತಿರ ಒಂದು ಚಂದ್ರಕಾಳಿ ಸೀರೆ ಇದೆ. ಅವರ ಮದುವೆಯದು. ಕಪ್ಪು ರೇಷ್ಮೆ, ಅದರ ಮೇಲೆ ಗೋಪುರ, ತೇರು, ತುಳಸಿಕಟ್ಟೆ, ಎಲ್ಲಾ ಕಸೂತಿ. ಈಗ ಮಡಿಕೆ ಬಿದ್ದ ಕಡೆಯೆಲ್ಲ ಸೀಳು ಬಿಟ್ಟಿದೆ. ಉಡುವ ಹಾಗಿಲ್ಲ, ಬಿಚ್ಚಿ ನೋಡೋಕೂ ಭಯ. ಕಪ್ಪು ಹಾಳೆಗೆ ಸೂಜಿಯಲ್ಲಿ ಅದೇ ಗೋಪುರ ಚುಚ್ಚಿ ಒಳಗಿಂದ ಬೆಳಕು ಬಿಟ್ಟರೆ ಸೀರೆ ನೋಡಿದ ಹಾಗೇ ಆಗುತ್ತದೆ ಅಲ್ವಾ ಅನ್ನಿಸಿತು. ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ. ಹಾಗಾಗಿ ಗ್ರಾಫ್ ಹಾಳೆಗೆ ಇಳಿಸೋದು ಕಷ್ಟವಾಗಲಿಲ್ಲ. ಸುತ್ತ ಒಂದೂವರೆ ಸೆಂಟಿಮೀಟರ್ ಅಂಚು ಬಿಟ್ಟೆ. ನಡುವೆ 12 ಸೆಂಟಿಮೀಟರ್ ಜಾಗ ಉಳಿಯಿತು. 5 ಮಿಲಿಮೀಟರಿಗೊಂದು ತೂತು. ಅಂದರೆ ಅಡ್ಡಕ್ಕೆ 25, ಉದ್ದಕ್ಕೆ 25.

ಒಂದು ಮುಖ ಚುಚ್ಚೋಕೆ ಒಂದು ಸಂಜೆ ಹಿಡಿಯಿತು. ಹಾಳೆಯ ಕೆಳಗೆ ನಾಲ್ಕು ಮಡಿಕೆ ಟವೆಲ್ ಹಾಸಿಕೊಂಡೆ. ಕರಿ ಚಾರ್ಟ್ ಪೇಪರ್ ಹೊರಗೆ, ಬಟರ್ ಪೇಪರ್ ಒಳಗೆ. ಬೆಳಕಿಗೆ ತಾಮ್ರದ ತಂತಿಯ ಫೇರಿ ಲೈಟ್, 20 ಎಲ್‌ಇಡಿಯದು, ಮೂರು ಪೆನ್ಸಿಲ್ ಸೆಲ್ ಹಾಕುವಂಥದ್ದು. ಎಲ್ಲಾ ಸೇರಿ 160 ರೂಪಾಯಿ ಆಯಿತು.

ತೊಂದರೆ ಏನಂದ್ರೆ, ಹಚ್ಚಿದಾಗ ಗೋಪುರ ಕಾಣಲ್ಲ. ಸರ ಪೆಟ್ಟಿಗೆಯೊಳಗೆ ಹೇಗೆ ಬಿತ್ತೋ ಹಾಗೆ ಬಲ್ಬಿನ ಗುಂಪು ಕಾಣುತ್ತದೆ. ಒಂದು ಮೂಲೆ ಕಣ್ಣು ಕುಕ್ಕುವಷ್ಟು ಬೆಳಕು, ಇನ್ನೊಂದು ಮೂಲೆ ಕತ್ತಲು. ಶಿಖರದ ಚುಕ್ಕಿಗಳು ಇದ್ದೂ ಇಲ್ಲದ ಹಾಗೆ. ಬೆಳಕು ಎಲ್ಲಾ ತೂತಿಗೂ ಸಮನಾಗಿ ಬರಬೇಕು, ಬಲ್ಬ್ ಕಾಣಬಾರದು. ಏನು ಮಾಡಲಿ?

ಗೂಡುದೀಪ_ಕುಡ್ಲ

ಅಕ್ಕಾ, ಯೋಚನೆ ಬಹಳ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಬಿದಿರು ಸೀಳಿ ಗೂಡುದೀಪ ಕಟ್ಟುತ್ತೇವೆ, ಹಾಗಾಗಿ ಎರಡು ಮಾತು.

ಒಂದು, ಸರವನ್ನು ಸುಮ್ನೆ ಒಳಗೆ ತುರುಕಬೇಡಿ. ಒಂದು ಕೊಳವೆಗೆ ಸುತ್ತಿ. ಬಿಳಿ ಹಾಳೆಯನ್ನು 4 ಸೆಂಟಿಮೀಟರ್ ದಪ್ಪಕ್ಕೆ ಸುರುಳಿ ಮಾಡಿ ನಡುವೆ ನಿಲ್ಲಿಸಿ, ಅದರ ಸುತ್ತ ಬುಡದಿಂದ ತುದಿವರೆಗೆ ಒಂದೇ ಅಂತರದಲ್ಲಿ ಸರ ಸುತ್ತಿ.

ಎರಡು, ನಿಮ್ಮ ಪೆಟ್ಟಿಗೆಗೆ ಎಲುಬು ಇದೆಯಾ? ಬರೀ ಚಾರ್ಟ್ ಪೇಪರ್ ಆದರೆ ನಮ್ಮೂರಿನ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗಿ ಹೊಟ್ಟೆ ಬಿಡುತ್ತದೆ. ಧಾರವಾಡದಲ್ಲಿ ಅಷ್ಟು ತೇವ ಇಲ್ಲದೆ ಇರಬಹುದು. ಆದರೂ 12 ಕಡ್ಡಿಯ ಚೌಕಟ್ಟು ಕಟ್ಟಿಕೊಂಡರೆ ಒಳ್ಳೆಯದು.

ಎಳೆ_ಎಣಿಸುವವಳು (ಧಾರವಾಡ)

ಎಲುಬು ಇಲ್ಲ ಅಣ್ಣ. ಅಂಟಿಸಿದ ಅಂಚೇ ಆಧಾರ. ಐಸ್‌ಕ್ರೀಂ ಕಡ್ಡಿ ಸಾಕಾ?

ಗೂಡುದೀಪ_ಕುಡ್ಲ

ಐಸ್‌ಕ್ರೀಂ ಕಡ್ಡಿ ನಾಲ್ಕೂವರೆ ಇಂಚು ಇರುತ್ತದೆ, ನಿಮ್ಮದು ಆರು ಇಂಚಿನ ಪೆಟ್ಟಿಗೆ. ಜೋಡಿಸಿ ಉದ್ದ ಮಾಡಬೇಕಾಗುತ್ತದೆ, ಆ ಜೋಡಣೆಯಲ್ಲೇ ಬಾಗುತ್ತದೆ. ಪನೀರ್ ಚುಚ್ಚುವ ಬಿದಿರು ಕಡ್ಡಿ ತನ್ನಿ. ನೆಟ್ಟಗಿರುತ್ತದೆ, ಕಡಿಮೆ ಬೆಲೆ.

ಕಟ್ಟುವಾಗ ಒಂದು ವಿಷಯ ನೆನಪಿಡಿ. 12 ಕಡ್ಡಿಯ ಚೌಕಟ್ಟು ತಾನಾಗಿ ಗಟ್ಟಿ ನಿಲ್ಲಲ್ಲ. ಒಂದು ಮೂಲೆ ಒತ್ತಿದರೆ ಇಡೀ ಪೆಟ್ಟಿಗೆ ಓರೆಯಾಗುತ್ತದೆ. ತ್ರಿಕೋನ ಓರೆಯಾಗಲ್ಲ, ಚೌಕ ಆಗುತ್ತದೆ. ಹಾಳೆ ಅಂಟಿಸಿದ ಮೇಲೇ ಅದಕ್ಕೆ ಬಲ ಬರೋದು. ಹಾಗಾಗಿ ಹಾಳೆ ಅಂಟಿಸೋ ಮೊದಲೇ ಮೂಲೆ ಸರಿ ಮಾಡಿಕೊಳ್ಳಬೇಕು. ಕಾಂಪಾಸ್ ಬಾಕ್ಸಿನ ಮೂಲೆಮಟ್ಟ ಇಟ್ಟು ನೋಡೋದಕ್ಕಿಂತ ಕರ್ಣ ಅಳೆಯೋದು ಒಳ್ಳೆಯದು. 15 ಸೆಂಟಿಮೀಟರ್ ಚೌಕದ ಕರ್ಣ 21.2 ಬರಬೇಕು. ಎರಡೂ ಕರ್ಣ ಸಮ ಬಂದರೆ ಚೌಕ ಸರಿ ಇದೆ ಅಂತ. ನಮ್ಮ ಅಜ್ಜ ಸ್ಕೇಲ್ ಕೂಡ ಇಟ್ಟುಕೊಳ್ಳುತ್ತಿರಲಿಲ್ಲ, ಒಂದು ದಾರ ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಅಳೆದು ನೋಡುತ್ತಿದ್ದರು.

ಕಾಗದಕ್ಕೆ ಮೈದಾ ಅಂಟು ಸಾಕು. ಹುಳ ಹತ್ತದ ಹಾಗೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವ ರೂಢಿ ಇದೆ. ಆದರೆ ಅದು ವಿಷ. ಮಕ್ಕಳು ಇರುವ ಮನೆಯಲ್ಲಿ ಬೇಡ, ಫೆವಿಕಾಲ್ ಹಾಕಿ.

ಓಮ್_ನಿಯಮ

ಮೇಡಂ, ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿ ನಿವೃತ್ತನಾದವನು ನಾನು. ನಿಮ್ಮ ಪ್ರಶ್ನೆ ಬಲ್ಬಿನದ್ದಲ್ಲ, ಅಂತರದ್ದು.

ಬಲ್ಬಿಗೂ ಬಲ್ಬಿಗೂ ಎಷ್ಟು ದೂರ ಇದೆಯೋ, ಬಲ್ಬಿಗೂ ಹಾಳೆಗೂ ಕನಿಷ್ಠ ಅಷ್ಟು ದೂರ ಇರಬೇಕು. ಆಗ ಪಕ್ಕಪಕ್ಕದ ಬೆಳಕು ಹಾಳೆ ತಲುಪೋ ಹೊತ್ತಿಗೆ ಒಂದರೊಳಗೊಂದು ಸೇರಿಕೊಳ್ಳುತ್ತದೆ. ಬೋರ್ಡಿನ ಹಿಂದೆ ಎಲ್‌ಇಡಿ ಪಟ್ಟಿ ಹಾಕುವವರು ಈ ಲೆಕ್ಕದಲ್ಲೇ ಹಾಕೋದು. ಕುಡ್ಲದವರು ಹೇಳಿದ 4 ಸೆಂಟಿಮೀಟರ್ ಕೊಳವೆಯಿಂದ ನಿಮ್ಮ ಹಾಳೆಗೆ ಐದೂವರೆ ಸೆಂಟಿಮೀಟರ್ ದೂರ. 20 ಬಲ್ಬನ್ನು ಆ ಕೊಳವೆಯ ಮೇಲೆ ಹರಡಿದರೆ ಒಂದಕ್ಕೊಂದು ಸುಮಾರು ಮೂರು ಸೆಂಟಿಮೀಟರ್. ಲೆಕ್ಕ ಸರಿಯಾಗಿ ಕೂರುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಸರವನ್ನು ಕೊಳವೆಯ ಹೊರಗೆ ಸುತ್ತುವ ಬದಲು, ಕೊಳವೆಯನ್ನೇ ಬಟರ್ ಪೇಪರಿನಲ್ಲಿ ಮಾಡಿ, ಸರ ಅದರ ಒಳಗಿರಲಿ. ಆಗ ಬೆಳಕು ಎರಡು ಸಲ ಚದುರುತ್ತದೆ, ಒಮ್ಮೆ ಕೊಳವೆಯಲ್ಲಿ, ಇನ್ನೊಮ್ಮೆ ಮುಖದ ಹಿಂದಿನ ಹಾಳೆಯಲ್ಲಿ. ಎರಡು ಬಟರ್ ಪೇಪರನ್ನು ಒಂದರ ಮೇಲೊಂದು ಅಂಟಿಸಿದರೆ ಈ ಲಾಭ ಬರಲ್ಲ, ಬೆಳಕು ಕಡಿಮೆಯಾಗುತ್ತದೆ ಅಷ್ಟೇ. ಎರಡರ ನಡುವೆ ಖಾಲಿ ಜಾಗ ಇರಬೇಕು.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಕರಿ ಚಾರ್ಟ್ ಪೇಪರ್ ಎರಡೂ ಕಡೆ ಕಪ್ಪು. ಒಳಗಿನ ಕಪ್ಪು ನಿಮ್ಮ ಬೆಳಕನ್ನೆಲ್ಲ ನುಂಗುತ್ತದೆ. ಗಟ್ಟಿ ಬಿಳಿ ಹಾಳೆ ತಗೊಂಡು ಹೊರಗೆ ಮಾತ್ರ ಕಪ್ಪು ಪೋಸ್ಟರ್ ಕಲರ್ ಎರಡು ಸಲ ಬಳಿಯಿರಿ. ಒಳಗಿನ ಬಿಳಿ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಆ ಬೆಳಕು ಇನ್ನೊಂದು ತೂತು ಹುಡುಕಿಕೊಂಡು ಹೋಗುತ್ತದೆ. ಬೆಳ್ಳಿ ಬಣ್ಣದ ಫಾಯಿಲ್ ಅಂಟಿಸಬೇಡಿ. ಅದು ಕನ್ನಡಿ ಹಾಗೆ ಬಲ್ಬನ್ನೇ ತೋರಿಸುತ್ತದೆ. ಬಿಳಿ ಹಾಳೆ ಚದುರಿಸುತ್ತದೆ.

ಚಿಕ್ಕಪೇಟೆ_ಪೋರ

ನಾನು ಕೂಡ ಇಂಥದ್ದೇ ಮಾಡ್ತಿದ್ದೇನೆ, ಸನ್‌ಬೋರ್ಡಲ್ಲಿ. ಆದರೆ ಮುಚ್ಚಳ ಕೂರ್ತಾ ಇಲ್ಲ. ಆರೂ ತುಂಡು 15×15 ಸರಿಯಾಗಿ ಕತ್ತರಿಸಿದ್ದೇನೆ, ಎರಡು ಸಲ ಅಳೆದೆ. ಎಲ್ಲಿ ತಪ್ಪಾಯ್ತೋ ಗೊತ್ತಾಗ್ತಿಲ್ಲ.

ಓಮ್_ನಿಯಮ

ತಮ್ಮಾ, ಬೋರ್ಡಿಗೆ ದಪ್ಪ ಇದೆ. 5 ಮಿಲಿಮೀಟರ್ ಬೋರ್ಡ್ ಆದರೆ ಮೇಲೆ ಕೆಳಗೆ 15×15 ಎರಡು, ಮುಂದೆ ಹಿಂದೆ 15×14 ಎರಡು, ಎಡ ಬಲಕ್ಕೆ 14×14 ಎರಡು. ಆಗ ಹೊರಗಿನ ಅಳತೆ ಎಲ್ಲಾ ಕಡೆ 15 ಬರುತ್ತದೆ. ಈಗ ಇರುವ ತುಂಡುಗಳಲ್ಲಿ ನಾಲ್ಕನ್ನು ಕತ್ತರಿಸಿದರೆ ಸಾಕು, ಹೊಸದು ತರಬೇಡ.

ಚಿಕ್ಕಪೇಟೆ_ಪೋರ

ಕೂತಿತು ಸರ್! ಆದರೆ ಇನ್ನೊಂದು ಎಡವಟ್ಟು. ಬೇಗ ಒಣಗಲಿ ಅಂತ ಚಪ್ಪಲಿಗೆ ಹಾಕುವ ಅಂಟು ಹಾಕಿದೆ. ಅಂಚು ಕರಗಿ ಒಳಗೆ ಗುಳಿ ಬಿತ್ತು.

ಗೂಡುದೀಪ_ಕುಡ್ಲ

ಆ ಅಂಟಿನಲ್ಲಿರುವ ದ್ರಾವಕ ಥರ್ಮಾಕೋಲ್ ತಿನ್ನುತ್ತದೆ. ಸನ್‌ಬೋರ್ಡ್ ಒಳಗೂ ಅಂಥದ್ದೇ ನೊರೆ ಇರಬಹುದು. ಗ್ಲೂ ಗನ್ ಜಾಸ್ತಿ ಬಿಸಿಯಾದರೂ ಹೀಗೇ ಆಗುತ್ತದೆ. ಬಿಳಿ ಫೆವಿಕಾಲ್ ಹಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಒಂದು ರಾತ್ರಿ ಬಿಡಿ. ಅವಸರ ಮಾಡಬೇಡಿ.

ಏಳನೇ_ತರಗತಿ_ಟೀಚರ್ (ಶಿವಮೊಗ್ಗ ಜಿಲ್ಲೆ)

ಈ ಚರ್ಚೆ ಓದಿ ನನ್ನ ಮಕ್ಕಳಿಗೂ ಮಾಡಿಸೋಣ ಅನ್ನಿಸಿತು. ತರಗತಿಯಲ್ಲಿ 28 ಮಕ್ಕಳು. ಗಣಿತದಲ್ಲಿ ಘನದ ಪಾಠವೂ ನಡೀತಾ ಇದೆ. ಒಂದು ಹಾಳೆಯನ್ನು ಮಡಚಿ ಘನ ಮಾಡೋಕೆ 11 ಬೇರೆ ಬೇರೆ ಆಕಾರಗಳಿವೆ. ಎಲ್ಲರೂ ಶಿಲುಬೆ ಆಕಾರ ಒಂದನ್ನೇ ಬರೆಯುತ್ತಾರೆ. ಮಕ್ಕಳಿಗೆ 11 ಕೂಡ ಹುಡುಕಿಸಿ, ಒಬ್ಬೊಬ್ಬರು ಒಂದೊಂದು ಆಕಾರದಲ್ಲಿ ದೀಪ ಮಾಡಲಿ ಅಂತ ನನ್ನ ಆಸೆ.

8 ಸೆಂಟಿಮೀಟರ್ ಪೆಟ್ಟಿಗೆ ಆದರೆ ಒಂದು ಚಾರ್ಟಿನಲ್ಲಿ ಶಿಲುಬೆ ಆಕಾರದ ನಾಲ್ಕು ಬರುತ್ತವೆ, ಅಂಟಿಸೋ ಪಟ್ಟಿ ಸೇರಿಸಿ. 7 ಚಾರ್ಟ್ ಸಾಕು. ಗಟ್ಟಿ ಬರಲಿ ಅಂತ ಹಳೆ ಲಗ್ನಪತ್ರಿಕೆ ಒಟ್ಟು ಮಾಡುತ್ತಿದ್ದೇನೆ, ಊರಲ್ಲಿ ಎಲ್ಲರ ಮನೆಯಲ್ಲೂ ರಾಶಿ ಇದೆ. ಬೆಳಕಿಗೆ ಏನು ಮಾಡಲಿ? ಒಬ್ಬ ಹುಡುಗ ನಾಣ್ಯದಂಥ ಸೆಲ್ ತಂದಿದ್ದ. ಅದಕ್ಕೆ ಎಲ್‌ಇಡಿಯ ಎರಡು ಕಾಲು ಸಿಕ್ಕಿಸಿದರೆ ಸಾಕು, ಹತ್ತುತ್ತದೆ. ಬಹಳ ಸುಲಭ.

ಓಮ್_ನಿಯಮ

ಮೇಡಂ, ದಯವಿಟ್ಟು ಆ ಸೆಲ್ ಬೇಡ. ಸುಲಭ ನಿಜ. 3 ವೋಲ್ಟ್ ಇರುತ್ತದೆ, ಅದರ ಒಳಗಿನ ತಡೆಯೇ ಕರೆಂಟನ್ನು ಹಿಡಿದಿಡುತ್ತದೆ, ಕರೆಂಟ್ ತಡೆಯುವ ರೆಸಿಸ್ಟರ್ ಕೂಡ ಬೇಕಾಗಲ್ಲ. ಆದರೆ ಮಗು ಅದನ್ನು ನುಂಗಿಬಿಟ್ಟರೆ ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಹುದು. ಜೀವಕ್ಕೇ ಅಪಾಯ. ಏಳನೇ ತರಗತಿಯವರು ನುಂಗಲಿಕ್ಕಿಲ್ಲ. ಆದರೆ ದೀಪ ಮನೆಗೆ ಹೋಗುತ್ತದೆ, ಮನೆಯಲ್ಲಿ ತಮ್ಮ ತಂಗಿ ಇರುತ್ತಾರೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಮೂರು ಪೆನ್ಸಿಲ್ ಸೆಲ್ಲಿನ ಡಬ್ಬಿ ತಗೊಳ್ಳಿ, ಸ್ಕ್ರೂ ಹಾಕಿ ಮುಚ್ಚುವಂಥದ್ದು. ಮೂರು ಸೆಲ್ ಅಂದರೆ 4.5 ವೋಲ್ಟ್. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಮಿಕ್ಕ ಒಂದೂವರೆ ವೋಲ್ಟನ್ನು ರೆಸಿಸ್ಟರ್ ತಗೊಳ್ಳಬೇಕು. 20 ಮಿಲಿಆಂಪಿಯರ್‌ಗೆ ಲೆಕ್ಕ ಹಾಕಿ: 1.5 ಭಾಗಿಸು 0.02, ಉತ್ತರ 75. ಅಂಗಡಿಯಲ್ಲಿ ಅದಕ್ಕಿಂತ ತುಸು ಹೆಚ್ಚಿನ 82 ಓಮ್ ಕೇಳಿ. ಅದರ ಮೇಲಿನ ಪಟ್ಟಿಗಳ ಬಣ್ಣ ಬೂದು, ಕೆಂಪು, ಕಪ್ಪು. ಮೊಬೈಲ್ ಚಾರ್ಜರಿನ 5 ವೋಲ್ಟಿಗೆ ಹಾಕುವುದಾದರೆ 100 ಓಮ್: ಕಂದು, ಕಪ್ಪು, ಕಂದು. ಎಲ್‌ಇಡಿಯ ಉದ್ದದ ಕಾಲು ಪ್ಲಸ್. ಕಾಲು ಕತ್ತರಿಸಿಬಿಟ್ಟಿದ್ದರೆ ಅಂಚು ನೋಡಿ, ಚಪ್ಪಟೆ ಇರುವ ಕಡೆ ಮೈನಸ್.

ಎರಡು ಎಲ್‌ಇಡಿ ಪಕ್ಕಪಕ್ಕ ಹಾಕಿದರೆ ಒಂದೊಂದಕ್ಕೂ ಬೇರೆ ರೆಸಿಸ್ಟರ್ ಇರಲಿ. ಎರಡು ಎಲ್‌ಇಡಿ ಒಂದೇ ತರಹ ಕಂಡರೂ ಒಳಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಒಂದೇ ರೆಸಿಸ್ಟರ್ ಹಾಕಿದರೆ ಒಂದು ಎಲ್‌ಇಡಿ ಜಾಸ್ತಿ ಕರೆಂಟ್ ಎಳೆದುಕೊಂಡು ಬೇಗ ಸಾಯುತ್ತದೆ.

ಮಕ್ಕಳು ಕೆಂಪು ಎಲ್‌ಇಡಿಗೆ 2 ವೋಲ್ಟ್, ಬಿಳಿಗೆ 3 ಯಾಕೆ ಅಂತ ಕೇಳುತ್ತಾರೆ, ಕೇಳಲಿ. ಬಿಳಿ ಎಲ್‌ಇಡಿಯ ಒಳಗೆ ನಿಜಕ್ಕೂ ಇರೋದು ನೀಲಿ. ಅದರ ಮೇಲೆ ಹಳದಿ ಪುಡಿಯ ಲೇಪ. ನೀಲಿ ಮತ್ತು ಹಳದಿ ಸೇರಿ ಕಣ್ಣಿಗೆ ಬಿಳಿ. ನೀಲಿ ಬೆಳಕಿಗೆ ಕೆಂಪಿಗಿಂತ ಶಕ್ತಿ ಜಾಸ್ತಿ, ಹಾಗಾಗಿ ವೋಲ್ಟೂ ಜಾಸ್ತಿ. ಆ ನೀಲಿ ಎಲ್‌ಇಡಿ ಮಾಡೋದು ಎಷ್ಟು ಕಷ್ಟವಾಗಿತ್ತು ಅಂದರೆ, ಅದನ್ನು ಸಾಧಿಸಿದ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು: ಅಕಾಸಾಕಿ, ಅಮಾನೋ, ನಕಮುರಾ.

ಏಳನೇ_ತರಗತಿ_ಟೀಚರ್ (ಶಿವಮೊಗ್ಗ ಜಿಲ್ಲೆ)

ಬಹಳ ಉಪಕಾರ ಆಯಿತು ಸರ್. ಆ ಸೆಲ್ಲನ್ನು ಇವತ್ತೇ ಹುಡುಗನ ತಂದೆ ಕೈಗೆ ಕೊಟ್ಟು ವಿಷಯ ಹೇಳಿದೆ. ಮಕ್ಕಳಿಗೆ ಸೆಲ್ ಡಬ್ಬಿ ತರಿಸುತ್ತೇನೆ.

ತೊಟ್ಟಿಮನೆ_ಮೈಸೂರು

ಒಂದು ಎಚ್ಚರಿಕೆ ನನ್ನದೂ ಇರಲಿ. ಕೆಲವು ವರ್ಷದ ಹಿಂದೆ ದಸರಾ ಬೊಂಬೆ ಕೂರಿಸುವಾಗ ಕಾಗದದ ದೀಪದೊಳಗೆ ಜೀರೋ ಬಲ್ಬ್ ಹಾಕಿದ್ದೆವು. ಹೆಸರಿಗೆ ಜೀರೋ, ಆದರೆ ಅದು 10–15 ವಾಟ್ ಎಳೆಯುತ್ತದೆ, ಹೆಚ್ಚಿನದ್ದು ಬಿಸಿಯಾಗಿ ಹೋಗುತ್ತದೆ. ಒಂದು ಗಂಟೆ ಆದ ಮೇಲೆ ವಾಸನೆ ಬಂತು. ನೋಡಿದರೆ ಕಾಗದ ಹಪ್ಪಳದ ಹಾಗೆ ಕಂದು ತಿರುಗಿತ್ತು. ಪಕ್ಕದಲ್ಲೇ ಪಟ್ಟದ ಗೊಂಬೆ, ಅದಕ್ಕೆ ರೇಷ್ಮೆ ಬಟ್ಟೆ. ನಮ್ಮ ಅತ್ತೆ ಅವತ್ತು ಬೇಗ ಎದ್ದು ಬಂದು ಸ್ವಿಚ್ ಆರಿಸಿದರು, ಅದಕ್ಕೆ ಉಳಿಯಿತು.

ಈಗ ನಮ್ಮಲ್ಲಿ ಎಲ್‌ಇಡಿ ಬಿಟ್ಟು ಬೇರೆ ಹಾಕಲ್ಲ.

ಓಮ್_ನಿಯಮ

ಸರಿಯಾಗಿ ಹೇಳಿದಿರಿ ಅಮ್ಮ. ಸಣ್ಣ ಎಲ್‌ಇಡಿ 0.06 ವಾಟ್ ಅಷ್ಟೇ. ಕಾಗದದ ಪೆಟ್ಟಿಗೆಯೊಳಗೆ 230 ವೋಲ್ಟ್ ತಂತಿ ಹೋಗಲೇಬಾರದು, ಎಲ್‌ಇಡಿ ಸರ ಆದರೂ ಸರಿಯೇ. ಸೆಲ್ ಇಲ್ಲವೇ 5 ವೋಲ್ಟ್.

ಎಳೆ_ಎಣಿಸುವವಳು (ಧಾರವಾಡ)

ಒಂದು ವಾರ ಬರೆಯೋಕೆ ಆಗಲಿಲ್ಲ, ಕ್ಷಮಿಸಿ. ಎಲ್ಲಾ ಹೊಸದಾಗಿ ಮಾಡಿದೆ.

ಬಿದಿರು ಕಡ್ಡಿ ಚೌಕಟ್ಟು. ಒಂದು ಕರ್ಣ 21.2, ಇನ್ನೊಂದು 21.3. ಬಿಳಿ ಹಾಳೆಗೆ ಹೊರಗೆ ಕಪ್ಪು ಬಳಿದೆ. ಇಲ್ಲಿ ಒಂದು ವಿಷಯ ಕಲಿತೆ: ಮೊದಲು ಬಣ್ಣ, ಆಮೇಲೆ ತೂತು. ಮೊದಲು ಚುಚ್ಚಿ ಆಮೇಲೆ ಬಳಿದ ಹಾಳೆಯಲ್ಲಿ ಅರ್ಧ ತೂತು ಬಣ್ಣದಿಂದ ಮುಚ್ಚಿಹೋಯಿತು. ಇನ್ನೊಂದು, ಬಣ್ಣ ಬಳಿದ ಹಾಳೆ ಒಣಗುವಾಗ ಸುರುಳಿಯಾಗುತ್ತದೆ. ಹಿಂದುಗಡೆಗೂ ಬರೀ ನೀರು ಸವರಿ, ಒಣಗುತ್ತಾ ಬಂದಾಗ ಪುಸ್ತಕದ ಕೆಳಗಿಟ್ಟರೆ ನೆಟ್ಟಗಾಗುತ್ತದೆ.

ಸೂಜಿ ಹಿಡಿದು ಹಿಡಿದು ಬೆರಳು ಕೆಂಪಾಯಿತು ಅಂತ ಒಂದು ಹಳೆ ಪೆನ್ನಿನ ಮೈಗೆ ಸೂಜಿ ಸಿಕ್ಕಿಸಿ ಅಂಟು ಹಾಕಿದೆ. ಈಗ ಎಲ್ಲಾ ತೂತು ಒಂದೇ ಗಾತ್ರ ಬರುತ್ತದೆ. ಹೊರಗಿಂದ ಒಳಗೆ ಚುಚ್ಚಬೇಕು, ಎದ್ದ ಚೂರು ಒಳಗಿರುತ್ತದೆ. ಸೂಜಿ ನೆಟ್ಟಗೆ ಇಳಿಯಬೇಕು. ಓರೆಯಾದರೆ ಆ ಚುಕ್ಕಿ ಒಂದು ಕಡೆಯಿಂದ ಮಾತ್ರ ಕಾಣುತ್ತದೆ. ತೂತುಗಳು 3 ಮಿಲಿಮೀಟರ್‌ಗಿಂತ ಹತ್ತಿರ ಬಂದರೆ ಅಂಚೆಚೀಟಿಯ ಅಂಚಿನ ಹಾಗೆ ಹರಿಯುತ್ತದೆ.

ಕಸೂತಿಯ ನಾಲ್ಕು ಹೊಲಿಗೆಯಲ್ಲಿ ಗವಂತಿ ಮತ್ತು ಮುರ್ಗಿ ಎರಡೇ ಇದಕ್ಕೆ ಹೊಂದುತ್ತವೆ. ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲು ಮೆಟ್ಟಿಲು. ಎರಡೂ ಚುಕ್ಕಿಗೆ ಚೆನ್ನಾಗಿ ಇಳಿಯುತ್ತವೆ. ನೇಗಿ ನೇಯ್ಗೆಯ ಹಾಗೆ ಉದ್ದುದ್ದ ಎಳೆ, ಅದಕ್ಕೆ ಬ್ಲೇಡಿನಲ್ಲಿ ಸೀಳಬೇಕು. ಮೆಂತಿ ಅಡ್ಡಡ್ಡ ದಾಟುವ ಹೊಲಿಗೆ, ಅದು ಚುಕ್ಕಿಯಲ್ಲಿ ಬರೀ ಗುಂಪಾಗಿ ಕಾಣುತ್ತದೆ.

ಬಟರ್ ಪೇಪರ್ ಕೊಳವೆ ಮಾಡಿ ಸರ ಅದರೊಳಗೆ ಇಳಿಬಿಟ್ಟೆ. ರಾತ್ರಿ ಕರೆಂಟ್ ಆರಿಸಿ ಹಚ್ಚಿದೆ. ಗೋಪುರ ಬುಡದಿಂದ ಕಳಶದವರೆಗೆ ಒಂದೇ ಸಮ ಎದ್ದು ನಿಂತಿತು. ಬಲ್ಬ್ ಎಲ್ಲಿದೆ ಅಂತ ಹುಡುಕಿದರೂ ಕಾಣಲ್ಲ. ನನಗೆ ಮಾತೇ ಹೊರಡಲಿಲ್ಲ. ಸರ್, ಅಣ್ಣ, ನಿಮ್ಮಿಬ್ಬರಿಗೂ ಕೈಮುಗಿಯುತ್ತೇನೆ.

ಚಿಕ್ಕಪೇಟೆ_ಪೋರ

ಅಕ್ಕಾ ಸೂಪರ್! ಆದರೆ ನನಗೊಂದು ಅನಿಸಿಕೆ. ಬಟರ್ ಪೇಪರ್ ತೆಗೆದುಬಿಟ್ಟರೆ ಗೋಡೆ ಮೇಲೆಲ್ಲ ಚುಕ್ಕಿ ಬೀಳುತ್ತೆ. ಇಡೀ ಕೋಣೆ ಕಸೂತಿ ಆಗುತ್ತೆ. ಅದು ಇನ್ನೂ ಚೆನ್ನಾಗಿರಲ್ವಾ? ನಾನು ನನ್ನ ಪೆಟ್ಟಿಗೆಯಲ್ಲಿ ಫೇರಿ ಲೈಟ್ ಹಾಕಿ ನೋಡಿದೆ, ಗೋಡೆ ಮೇಲೆ ಬರೀ ಕಲಸುಮೇಲೋಗರ ಬಂತು. ಯಾಕೆ ಅಂತ ಗೊತ್ತಾಗಲಿಲ್ಲ.

ಓಮ್_ನಿಯಮ

ಒಳ್ಳೆಯ ಪ್ರಶ್ನೆ. ಒಂದೊಂದು ತೂತೂ ಒಂದೊಂದು ಸೂಜಿರಂಧ್ರ ಕ್ಯಾಮೆರಾ. ಅದು ಗೋಡೆಯ ಮೇಲೆ ತನ್ನ ಆಕಾರ ಬೀಳಿಸಲ್ಲ, ಒಳಗಿರುವ ಬೆಳಕಿನ ಆಕಾರ ಬೀಳಿಸುತ್ತದೆ. ಒಳಗೆ 20 ಬಲ್ಬ್ ಇದ್ದರೆ ಒಂದು ತೂತಿನಿಂದ ಗೋಡೆಗೆ 20 ಚುಕ್ಕಿ. ನಿನ್ನ ಪೆಟ್ಟಿಗೆಯಲ್ಲಿ 200 ತೂತು ಇದ್ದರೆ 4,000 ಚುಕ್ಕಿ ಒಂದರ ಮೇಲೊಂದು. ಮರದ ಕೆಳಗೆ ಎಲೆಗಳ ಸಂದಿಯಿಂದ ಬೀಳುವ ಬಿಸಿಲು ದುಂಡಗಿರೋದೂ ಇದೇ ಕಾರಣಕ್ಕೆ. ಆ ದುಂಡು ಸಂದಿಯದ್ದಲ್ಲ, ಸೂರ್ಯನದ್ದು. ಗ್ರಹಣದ ದಿನ ನೋಡಿದರೆ ಅದೇ ಚುಕ್ಕಿಗಳು ಕಚ್ಚಿದ ಹಾಗೆ ಕಾಣುತ್ತವೆ.

ಗೋಡೆ ಮೇಲೆ ಗೋಪುರ ಬೇಕು ಅಂದರೆ ಒಳಗೆ ಒಂದೇ ಬಲ್ಬ್ ಇರಬೇಕು, ಅದೂ ಆದಷ್ಟು ಚಿಕ್ಕದು. ಚದುರಿಸುವ ಹಾಳೆ ಇರಕೂಡದು. ಮೇಡಂ ಮಾಡಿದ್ದು ಮುಖ ನೋಡುವ ದೀಪ, ನೀನು ಕೇಳುತ್ತಿರೋದು ಗೋಡೆ ನೋಡುವ ದೀಪ. ಎರಡಕ್ಕೂ ಬೇಕಾದ್ದು ತದ್ವಿರುದ್ಧ.

ತೊಟ್ಟಿಮನೆ_ಮೈಸೂರು

ನನಗಂತೂ ಮುಖ ನೋಡುವ ದೀಪವೇ ಇಷ್ಟ. ಬೇಲೂರಿನ ಗುಡಿಯ ಜಾಲಂಧ್ರ ನೆನಪಾಗುತ್ತದೆ. ಒಳಗೆ ಕತ್ತಲಲ್ಲಿ ನಿಂತು ಹೊರಗಿನ ಬಿಸಿಲು ಕಲ್ಲಿನ ಜಾಲರಿಯಲ್ಲಿ ಬರೋದನ್ನು ನೋಡಿ. ನೆಲದ ಮೇಲೆ ಬಿದ್ದ ಬೆಳಕಿಗಿಂತ ಆ ಜಾಲರಿಯೇ ಚಂದ. ಆ ಜಾಲಂಧ್ರಗಳು ಗುಡಿ ಕಟ್ಟಿದಾಗ ಇರಲಿಲ್ಲ, ಆಮೇಲೆ ಎರಡನೇ ವೀರಬಲ್ಲಾಳನ ಕಾಲದಲ್ಲಿ ಸೇರಿಸಿದ್ದು.

ಗೂಡುದೀಪ_ಕುಡ್ಲ

ಎರಡೂ ಬೇಕಾದರೆ ಒಂದು ದಾರಿ ಇದೆ. ನಾಲ್ಕು ಬದಿಗೆ ಬಟರ್ ಪೇಪರ್ ಇರಲಿ, ಮೇಲಿನ ಮುಖಕ್ಕೆ ಬೇಡ. ಕೊಳವೆಯ ಬಾಯಿ ಮುಚ್ಚಿ, ಅದರ ಮೇಲೆ ಒಂದೇ ಎಲ್‌ಇಡಿ ನಿಲ್ಲಿಸಿ, ಅದಕ್ಕೆ ಬೇರೆ ಸ್ವಿಚ್. ಬದಿಯ ದೀಪ ಆರಿಸಿ ಅದನ್ನು ಹಚ್ಚಿದರೆ ಚಿತ್ರ ಸೂರಿಗೆ ಬೀಳುತ್ತದೆ. ನಮ್ಮಲ್ಲಿ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಬರುವವರು ಇಂಥ ಎಷ್ಟೋ ಉಪಾಯ ಮಾಡುತ್ತಾರೆ. ಧಾನ್ಯ ಅಂಟಿಸಿ ಮಾಡಿದ್ದನ್ನೂ ನೋಡಿದ್ದೇನೆ.

ಓಮ್_ನಿಯಮ

ಕುಡ್ಲದವರ ಉಪಾಯ ಚೆನ್ನಾಗಿದೆ. ಆದರೆ ಮಾಮೂಲಿ 5 ಮಿಲಿಮೀಟರ್ ಎಲ್‌ಇಡಿ ಬೆಳಕನ್ನು ಟಾರ್ಚ್ ಹಾಗೆ ನಡುವಿಗೆ ಮಾತ್ರ ಬಿಡುತ್ತದೆ, ಅಂಚಿನ ತೂತಿಗೆ ತಲುಪಲ್ಲ. ಸ್ಟ್ರಾ ಹ್ಯಾಟ್ ಎಲ್‌ಇಡಿ ಅಂತ ಕೇಳಿ, ತಲೆ ಚಪ್ಪಟೆ, ಬೆಳಕು ಅಗಲಕ್ಕೆ ಹರಡುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸಿಗುತ್ತದೆ. ಬೇರೆ ದೀಪಗಳಿಗೆ ಎಲ್‌ಇಡಿ ತಲೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಮಂಕು ಮಾಡಬಹುದು. ಇಲ್ಲಿ ಉಜ್ಜಬೇಡಿ, ಉಜ್ಜಿದರೆ ಸೂರಿನ ಚುಕ್ಕಿ ಕಲಸಿಹೋಗುತ್ತದೆ.

ಅಳತೆ ಹೀಗೆ: ಎಲ್‌ಇಡಿ ಮೇಲಿನ ಹಾಳೆಗಿಂತ 10 ಸೆಂಟಿಮೀಟರ್ ಕೆಳಗೆ, ಸೂರು ಹಾಳೆಗಿಂತ 2 ಮೀಟರ್ ಮೇಲೆ. 210 ಭಾಗಿಸು 10, ಅಂದರೆ 21 ಪಟ್ಟು. 12 ಸೆಂಟಿಮೀಟರಿನ ಚಿತ್ರ ಸೂರಿನ ಮೇಲೆ ಎರಡೂವರೆ ಮೀಟರ್ ಅಗಲ ಆಗುತ್ತದೆ. ಅಷ್ಟು ಹರಡಿದ ಮೇಲೆ ಬೆಳಕು ತೆಳುವಾಗಿರುತ್ತದೆ, ಕೋಣೆ ಪೂರ್ತಿ ಕತ್ತಲಿರಬೇಕು.

ಹಿಮದೂರು_ಕನ್ನಡತಿ (ಕ್ಯಾಲ್ಗರಿ)

ನಮಸ್ಕಾರ. ಇಲ್ಲಿ ನವೆಂಬರಿನಲ್ಲಿ ಐದು ಗಂಟೆಗೇ ಕತ್ತಲು. ದೀಪಾವಳಿಗೆ ನಿಮ್ಮ ಪೆಟ್ಟಿಗೆ ಮಾಡಿ ಬಾಗಿಲ ಹೊರಗೆ ಇಟ್ಟೆ. ಪವರ್ ಬ್ಯಾಂಕ್‌ಗೆ ಹಾಕಿದರೆ ಅರ್ಧ ನಿಮಿಷದಲ್ಲಿ ತಾನೇ ಆರಿಹೋಗುತ್ತದೆ. ಸೆಲ್ ಹಾಕಿದರೆ ಮಂಕು. ಬಲ್ಬ್ ಕೆಟ್ಟಿದೆಯಾ?

ಓಮ್_ನಿಯಮ

ಬಲ್ಬ್ ಸರಿ ಇದೆಯಮ್ಮ. ಎಲ್‌ಇಡಿ ಎಳೆಯುವ ಕರೆಂಟ್ ಎಷ್ಟು ಕಡಿಮೆ ಅಂದರೆ, ಪವರ್ ಬ್ಯಾಂಕ್ ತನಗೆ ಏನೂ ಸಿಕ್ಕಿಸಿಲ್ಲ ಅಂತ ತಿಳಿದು ಆರಿಸಿಕೊಳ್ಳುತ್ತದೆ. ಬಹಳಷ್ಟು ಪವರ್ ಬ್ಯಾಂಕ್ ಹೀಗೇ. ಮಾಮೂಲಿ ಆಲ್ಕಲೈನ್ ಸೆಲ್ಲಿನ ಶಕ್ತಿ ಚಳಿಯಲ್ಲಿ ಕುಗ್ಗುತ್ತದೆ, ಅದಕ್ಕೇ ಮಂಕು. ಲಿಥಿಯಂ ಪೆನ್ಸಿಲ್ ಸೆಲ್ ಹಾಕಿ, ಇಲ್ಲವೇ ದೀಪವನ್ನು ಕಿಟಕಿಯ ಒಳಗಡೆ ಇಡಿ. ಕರಿ ಪೆಟ್ಟಿಗೆ ಕಿಟಕಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಏಳನೇ_ತರಗತಿ_ಟೀಚರ್ (ಶಿವಮೊಗ್ಗ ಜಿಲ್ಲೆ)

ನಮ್ಮ ಮಕ್ಕಳದ್ದು ಮುಗಿಯಿತು! 11 ಆಕಾರದಲ್ಲಿ 9 ಅನ್ನು ಮಕ್ಕಳೇ ಹುಡುಕಿದರು, ಎರಡು ನಾನು ತೋರಿಸಿಕೊಟ್ಟೆ. ಎಲ್ಲರೂ ಕಸೂತಿ ಮಾಡಲಿಲ್ಲ. ಹೆಣ್ಣುಮಕ್ಕಳು ಚುಕ್ಕಿ ರಂಗೋಲಿ ಚುಚ್ಚಿದರು, ಇಬ್ಬರು ಹುಡುಗರು ಅಡಿಕೆ ಮರ ಮಾಡಿದರು. ಒಬ್ಬಳು ತನ್ನ ಹೆಸರನ್ನು ಒಳಗಡೆಯಿಂದ ಚುಚ್ಚಿ, ಹೊರಗೆ ತಿರುವು ಮುರುವಾಗಿ ಬಂದಾಗ ಅಳೋ ಹಾಗಾದಳು. ಕನ್ನಡಿ ಹಿಡಿದು ತೋರಿಸಿದೆ, ಸರಿಯಾಗಿ ಓದಿಸಿತು. ಈಗ ಅವಳು ದೀಪವನ್ನು ಕನ್ನಡಿ ಮುಂದೆಯೇ ಇಟ್ಟಿದ್ದಾಳಂತೆ.

ಬಾಗಿಲು ಕಿಟಕಿ ಮುಚ್ಚಿ 28 ದೀಪ ಒಟ್ಟಿಗೆ ಹಚ್ಚಿದೆವು. ಗಲಾಟೆ ಮಾಡುವ ತರಗತಿ ಅದು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಎಳೆ_ಎಣಿಸುವವಳು (ಧಾರವಾಡ)

ಟೀಚರ್, ನಿಮ್ಮ ಮಾತು ಓದಿ ಕಣ್ಣು ತುಂಬಿತು. ನಾನೂ ಅಜ್ಜಿಗೆ ಕೊಟ್ಟೆ, ನೀರು ತುಂಬುವ ಹಬ್ಬದ ರಾತ್ರಿ.

ಅಜ್ಜಿಗೆ ಕಣ್ಣು ಮಂದ. ಸೀರೆಯ ಎಳೆ ಈಗ ಅವರಿಗೆ ಕಾಣಲ್ಲ. ಆದರೆ ಕತ್ತಲಲ್ಲಿ ಹೊಳೆಯುವ ಚುಕ್ಕಿ ಕಂಡಿತು. ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಬಾಯಲ್ಲಿ ಏನೋ ಎಣಿಸುತ್ತಿದ್ದರು. ಆಮೇಲೆ ಗೋಪುರದ ಬಲಗಡೆ ಮೂರನೇ ಮೆಟ್ಟಿಲ ಮೇಲೆ ಬೆರಳಿಟ್ಟು, "ಇಲ್ಲೊಂದು ಮನೆ ಬಿಟ್ಟೀಯಲ್ಲ ಪುಟ್ಟಿ, ಎಳೆ ತಿರುಗಿ ಹ್ಯಾಂಗ ಬರ್ತದ?" ಅಂದರು. ಗವಂತಿಯಲ್ಲಿ ದಾರ ಹೋದ ದಾರಿಯಲ್ಲೇ ವಾಪಸ್ ಬಂದು ಖಾಲಿ ತುಂಬಬೇಕು. ನಡುವೆ ಒಂದು ಮನೆ ತಪ್ಪಿದರೆ ದಾರ ಅಲ್ಲೇ ನಿಲ್ಲುತ್ತದೆ. ಗ್ರಾಫ್ ಹಾಳೆ ತೆಗೆದು ನೋಡಿದೆ. ನಿಜ, ಒಂದು ತೂತು ಬಿಟ್ಟಿದ್ದೆ.

ಆಗಲೇ ಸೂಜಿ ತಂದು ಹೊರಗಿಂದ ಚುಚ್ಚಿದೆ. ಹಾಳೆ ಅಂಟಿಸಿ ಆಗಿತ್ತಲ್ಲ, ಸೂಜಿ ಹಿಂದಿನ ಬಟರ್ ಪೇಪರನ್ನೂ ದಾಟಿತು. ಹಾಗಾಗಿ ಅದೊಂದು ಚುಕ್ಕಿ ಬೇರೆ ಥರ. ಎದುರು ಕೂತರೆ ಉಳಿದವಕ್ಕಿಂತ ಬೆಳ್ಳಗೆ ಹೊಳೆಯುತ್ತದೆ, ಪಕ್ಕಕ್ಕೆ ಸರಿದರೆ ಮಂಕಾಗುತ್ತದೆ. ಆ ಮುಖ ಬದಲಾಯಿಸಿ ಕೊಡ್ತೀನಿ ಅಂದೆ. ಅಜ್ಜಿ ಪೆಟ್ಟಿಗೆಯನ್ನು ಕೊಡಲಿಲ್ಲ. ತಮ್ಮ ದಿಂಬಿನ ಕಡೆಗೆ ಆ ಮುಖ ಬರುವ ಹಾಗೆ ತಿರುಗಿಸಿ ಇಟ್ಟುಕೊಂಡರು.

ಸೂರಿನ ದೀಪಕ್ಕೆ ಸ್ಟ್ರಾ ಹ್ಯಾಟ್ ಎಲ್‌ಇಡಿ ಇನ್ನೂ ಸಿಕ್ಕಿಲ್ಲ. ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಅಜ್ಜಿ ಈ ಸಲ ತೇರು ಬೇಕು ಅಂದಿದ್ದಾರೆ, ಎಷ್ಟು ಮನೆ ಅಂತ ಅವರೇ ಹೇಳುತ್ತಿದ್ದಾರೆ, ನಾನು ಬರೆದುಕೊಳ್ಳುತ್ತಿದ್ದೇನೆ.